ಎರಡನೇ ನಂಬರಿನ ಪ್ರೇಕ್ಷಕರು

ಅತ್ಯುತ್ತಮ ಸೊಸೆ? ಯಾರೂ ಇಲ್ಲ. ಆ ಜಾಗಾ ಖಾಲಿ ಇರ್ಲಿ. ಒಬ್ಬಳೂ ಪಾಸಾಗದ ಕ್ಲಾಸಿನಾಗ ಮೊದಲನೇ ನಂಬರು ಯಾರಿಗೆ ಕೊಡ್ಲಿ?... ನಗಬ್ಯಾಡ ಲುಂಬಿನಿ. ನೀನೇ ಕೇಳಿದ್ದಿ. 'ಟೀಚರ್, ಐತವಾರ ಟೀವಿಯವರು ಧಾರಾವಾಹಿಗಳಿಗೆ ಪ್ರಶಸ್ತಿ ಕೊಡ್ತಾರಲ್ಲ, ನಿಮ್ಮ ಪ್ರಕಾರ ಯಾರಿಗೆ ಬರಬೇಕು' ಅಂತ. ಪ್ರಶ್ನೆ ಕೇಳಿದ ಮ್ಯಾಲ ಉತ್ತರ ಪೂರ್ತಿ ಕೇಳೋ ತಾಳ್ಮೆ ಇರಬೇಕು. ಬೆನ್ನು ನೆಟ್ಟಗ ಮಾಡಿ ಕುಂದ್ರು. ಹಾಂ... ಹಂಗ.

ಗೊತ್ತದ, ಗೊತ್ತದ. ನೀ ಬಂದ ಕೆಲಸ ಬ್ಯಾರೆ. ಟೀವಿ ಕೆಳಗ ಕುಂತದಲ್ಲ ಆ ಕರೀ ಪೆಟ್ಟಿಗಿ, ಯಾರು ಎಷ್ಟೊತ್ತು ಏನು ನೋಡಿದ್ರು ಅಂತ ನಿಮ್ಮ ಕಂಪನಿಗೆ ಚಾಡಿ ಹೇಳೋ ಪೆಟ್ಟಿಗಿ, ಅದರ ತಪಾಸಣೆಗೆ ಶಹಾಬಾದದಿಂದ ಬಂದಿ. ಈ ಮನಿಯೊಳಗ ಇಬ್ಬರು. ಒಂದನೇ ಬಟನ್ ನನ್ನದು, ಎರಡನೇದು ಗಾರ್ಡ್ ಸಾಹೇಬರದು. ಟೀವಿ ಮುಂದ ಕುಂತಾಗ ಅವರವರ ಬಟನ್ ಅವರವರೇ ಒತ್ತಬೇಕು. ಇಬ್ಬರನ್ನೂ ನೀ ಕಣ್ಣಾರೆ ನೋಡಬೇಕು. ಕಾಣದವರ ನಂಬರು ತೆಗೆದು ಹಾಕಬೇಕು. ನಿಯಮ! ನಿಯಮ ಅಂದ್ರ ನನಗ ಗೌರವ ಅದ.

ಆದ್ರ ಗಾರ್ಡ್ ಸಾಹೇಬ್ರು ಮನಿಯಾಗಿಲ್ಲ. ಸನ್ನತಿಗೆ ಹೋಗ್ಯಾರ, ಚಂದ್ರಲಾಂಬಾ ದರ್ಶನಕ್ಕ. ಬರ್ತಾರ. ಅಲ್ಲೀತನಕ ಕುಂದ್ರು, ಚಹಾ ಕುಡಿ. ಯಾರ ನಂಬರೂ ತೆಗೆಯೋ ಕಾರಣ ಇಲ್ಲ.

ಯಾರು ಗಾರ್ಡ್ ಸಾಹೇಬ್ರು ಅಂದ್ರ? ನಿನ್ನ ಕಾಗದದಾಗ ಖಂಡೆಪ್ಪ ಅಂತ ಅದಲ್ಲ, ಅವರೇ. ನನ್ನ ಯಜಮಾನರು. ವಾಡಿ ಸ್ಟೇಷನ್ನಿನಾಗ ಗೂಡ್ಸ್ ಗಾಡಿಗೆ ಗಾರ್ಡ್ ಇದ್ದರು. ಓಣಿ ಮಂದಿ ಹಂಗ ಕರೀತಾರ, ನಾನೂ ಹಂಗೇ ಕರೀತೀನಿ. ಅವರು ನನಗ 'ಟೀಚರ್' ಅಂತಾರ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಿ ಆದಮ್ಯಾಲೂ 'ಟೀಚರ್'! ಬಡ್ತಿ ಕೊಡಲಿಲ್ಲ ಮನುಷ್ಯ.

ಸೊಸೆಯ ವಿಷಯಕ್ಕ ಬರೋಣ. ಏಳರ ಧಾರಾವಾಹಿ... ಹೆಸರು ಏನೋ ಅದ, ನನಗೇನು ಗೊತ್ತು... 'ಅರಿಸಿನದ ಹೊಸ್ತಿಲು.' ಅದರ ಸೊಸೆ ರೇಷ್ಮಿ ಸೀರಿ ಉಟ್ಟು ಮಲಗ್ತಾಳ. ತಲಿ ತುಂಬ ಮಲ್ಲಿಗಿ. ಮುಂಜಾನಿ ಏಳ್ತಾಳ, ಒಂದು ಹೂ ಬಾಡಿರಂಗಿಲ್ಲ, ಒಂದು ನಿರಿಗಿ ಕದಲಿರಂಗಿಲ್ಲ. ಎದ್ದಾಕಿ ಮಾರಿ ಸುದ್ಧ ತೊಳಕೊಳ್ಳದೆ ಅಡುಗಿಮನಿಗೆ ಬಂದು ಬೋಗುಣಿಯೊಳಗ ಸೌಟು ತಿರುಗಿಸ್ತಾಳ. ಬೋಗುಣಿ ಖಾಲಿ! ಎದ್ದು ಹತ್ತರ ಹೋಗಿ ನೋಡೀನಿ, ಒಳಗ ಒಂದು ಕಾಳಿಲ್ಲ!

...ಅಂದ್ರ, ಹಾದು ಹೋಗಬೇಕಾದ್ರ ಕಣ್ಣಿಗೆ ಬಿತ್ತು. ಮತ್ಯಾಕ ನಗ್ತಿ?

ಅತ್ಯುತ್ತಮ ಅತ್ತೆ. ಆಕಿಗೆ ಕೊಡೋದಾದ್ರ ಕಿವಿಗೆ ಕೊಡಬೇಕು. ಬಾಗಿಲ ಹಿಂದ ನಿಂತು ಕೇಳೋದು ಬಿಟ್ಟು ಆಕಿಗೆ ಬ್ಯಾರೆ ಉದ್ಯೋಗ ಇಲ್ಲ. ಅಷ್ಟು ದೊಡ್ಡ ಬಂಗ್ಲೆ, ಅಷ್ಟು ಮಂದಿ, ಗುಟ್ಟಿನ ಮಾತಾಡೋ ಮುಂದ ಒಬ್ಬರಾದರೂ ಬಾಗಿಲು ಹಾಕ್ಕೋತಾರೇನು? ಒಬ್ಬರೇ ನಿಂತು, ಗ್ವಾಡಿ ಕಡಿ ಮಾರಿ ಮಾಡಿ, 'ನಾ ವಿಷ ಹಾಕಿದ್ದು ಯಾರಿಗೂ ಗೊತ್ತಾಗಬಾರದು' ಅಂತ ಒದರ್ತಾರ. ಬುದ್ಧಿ ನೆಟ್ಟಗಿದ್ದವರು ಖಾಲಿ ಮನಿಯಾಗ ಒಬ್ಬರೇ ಮಾತಾಡ್ತಾರೇನವ್ವ?

ಆಮ್ಯಾಲ ಆ ಬಿಳೀ ಸೋಫಾ! ವಾಡಿಗೆ ತಂದು ಒಂದು ದಿನ ಇಡ್ಲಿ. ಮುಂಜಾನಿ ಒರಸಿದ ಕಿಟಕಿ ಮ್ಯಾಲ ಮಧ್ಯಾಹ್ನಕ್ಕ ಹೆಸರು ಬರೀಬಹುದು, ಅಷ್ಟು ಧೂಳು. ಆ ಮನಿಯಾಗ ಕಸ ಹೊಡಿಯೋರೂ ಇಲ್ಲ, ಕಸಾನೂ ಇಲ್ಲ. ನಿಮ್ಮ ಅಪ್ಪ ನೆಲದ ಪರಸಿ ಕಲ್ಲು ಪಾಲಿಶ್ ಮಾಡ್ತಾನ ಅಂದ್ಯಲ್ಲ, ಅವನನ್ನ ಕೇಳು, ಮನುಷ್ಯರು ಅಡ್ಡಾಡೋ ನೆಲ ಹಂಗ ಹೊಳೀತದೇನು ಅಂತ.

ಉತ್ತಮ ನಾಯಕ... ಥೂ. ಕಂಪನಿ ಮಾಲಕ ಅಂತ. ಏನು ಕಂಪನಿ? ಏನು ತಯಾರಾಗ್ತದ ಅಲ್ಲಿ? ಒಂದು ಫೈಲು ತೆಗೀತಾನ, 'ಡೀಲ್ ಕ್ಯಾನ್ಸಲ್' ಅಂತಾನ, ಮನಿಗೆ ಬಂದು ಹೆಂಡತಿ ಕೂಡ ಜಗಳ ಮಾಡ್ತಾನ. ಇಂಥವನ ಕಂಪನಿಯಾಗ ಪಗಾರ ಆಗೋದು ಹ್ಯಾಂಗ ಅಂತ ಗಾರ್ಡ್ ಸಾಹೇಬ್ರಿಗೆ ಕೇಳಿದೆ. 'ಟೀಚರ್, ಪಾಪ, ಮನಸ್ಸು ಸರಿ ಇಲ್ಲ ಅವಂದು' ಅಂದ್ರು. ಮನಸ್ಸು!

ಉತ್ತಮ ಹಾಸ್ಯ ಕಲಾವಿದ. ಇದನ್ನ ಲಕ್ಷ್ಯಗೊಟ್ಟು ಕೇಳು. ಅಡುಗಿ ಭಟ್ಟ, ಇಲ್ಲಾ ಕಾವಲುಗಾರ. ಅವನು ನಮ್ಮ ಕಡಿಯವ. 'ಏನ್ಲೇ, ಹೌದಲೇ' ಅಂತಾನ, ಅವನು ಬಾಯಿ ತೆಗೆದ್ರ ಹಿಂದಿನಿಂದ ಪೀಪಿ ಊದ್ತಾರ. ಜೋಳದ ರೊಟ್ಟಿ ಎರಡೂ ಕೈಲೆ ಹಿಡದು ಕಡೀತಾನ, ಕಬ್ಬು ತಿಂದಂಗ! ನಮ್ಮ ಮಾತಿಗೆ ಅಲ್ಲಿ ಅಡುಗಿಮನಿ ಬಾಗಿಲ ತನಕ ಮಾತ್ರ ಪ್ರವೇಶ. ಸೋಫಾ ಮ್ಯಾಲ ಕುಂತವರಾಗ ಒಬ್ಬರಾದರೂ ಸೇಡಂನವರು, ಚಿಂಚೋಳಿಯವರು ಇದ್ದಾರೇನು? ನಾವು ಅಳೋದಿಲ್ಲೇನು? ನಾವು ಲಗ್ನ ಮಾಡಿಕೊಳ್ಳೋದಿಲ್ಲೇನು? ಇವನಿಗೆ ಪ್ರಶಸ್ತಿ ಇಲ್ಲ. ಇವನನ್ನ ಬೆಂಚಿನ ಮ್ಯಾಲ ನಿಲ್ಲಿಸ್ಬೇಕು. ಬರೆದವನನ್ನ ಅವನ ಬಾಜೂಕ.

ಉತ್ತಮ ನಿರ್ದೇಶನ? ಒಂದು ಕಪಾಳಕ್ಕ ಹೊಡಿಯೋದನ್ನ ಮೂರು ಸಲ ತೋರಸ್ತಾರ, ಮೂರು ಸಲಾನೂ ಸಿಡಿಲು. ನಾ ಚಿತ್ತಾಪುರದ ಸಾಲಿಯೊಳಗ ಇದ್ದಾಗ ಸುಮ್ಮನ ಕನ್ನಡಕ ತೆಗೆದು ಮೇಜಿನ ಮ್ಯಾಲ ಇಡ್ತಿದ್ದೆ. ಅಷ್ಟಕ್ಕ ಇಡೀ ವರಾಂಡ ಗಪ್ಪ ಆಗ್ತಿತ್ತು. ಅದು ನಿರ್ದೇಶನ!

ಏನಂದಿ? ಯಾವಾಗ ಬರ್ತಾರ ಅಂತ? ಬರ್ತಾರವ್ವ. ಕೊಡ್ಲಿ ಊರಿಗೆ ಹೋದವರು ಅಕ್ಕನ ಮನಿಯಾಗ ಉಂಡೇ ಬರ್ತಾರ, ಜರಾ ತಡ ಆಗ್ತದ.

...ಸನ್ನತಿ ಅಂದೆನೇನು?

ಹೌದು. ಸನ್ನತಿಗೆ ಹೋಗಿ, ಅಲ್ಲಿಂದ ಕೊಡ್ಲಿಗೆ. ಎರಡೂ ಬ್ಯಾರೆ ಬ್ಯಾರೆ ದಿಕ್ಕು ಅಂತ ನೀ ನನಗ ಹೇಳಬ್ಯಾಡ. ಭೂಗೋಳ ಕಲಿಸಿದಾಕಿ ನಾನು. ಹಿರಿಯರು ಅದಾರ, ತಮಗ ತಿಳಿದಂಗ ಅಡ್ಡಾಡ್ತಾರ. ಫೋನ್? ಫೋನ್ ಮನಿಯಾಗೇ ಬಿಟ್ಟು ಹೋಗ್ಯಾರ. ಅಲ್ಲೇ ಅದ ನೋಡು, ಚಾರ್ಜಿಗೆ ಹಚ್ಚೀನಿ. ಚಾರ್ಜ್ ಯಾವತ್ತೂ ಇಳಿಯಗೊಡಂಗಿಲ್ಲ ನಾ.

ಅವರನ್ನ ಕೇಳಿದ್ರ ಎಲ್ಲಾರಿಗೂ ಫಸ್ಟ್ ಕ್ಲಾಸ್. ಸೊಸೆಗೂ ಫಸ್ಟ್ ಕ್ಲಾಸ್, ವಿಷ ಹಾಕಿದಾಕಿಗೂ ಫಸ್ಟ್ ಕ್ಲಾಸ್. ಪ್ರತಿ ವರ್ಷ ಪ್ರಶಸ್ತಿ ಕೊಡೋಕಿಂತ ಮೊದಲು ಈ ಹಾಲ್‌ನಾಗ ನಮ್ಮ ತೀರ್ಮಾನ ಆಗಬೇಕು, ಹಂಗೊಂದು ರೂಢಿ. ನಾ ವಿಭಾಗ ಓದೋದು, ಅವರು ಹೆಸರು ಹೇಳೋದು, ನಾ ಹೊಡದು ಹಾಕೋದು. ಸೋತವರು ಚಹಾ ಮಾಡಬೇಕು. ಪ್ರತಿ ವರ್ಷ ನಾನೇ ಮಾಡೀನಿ. ಯಾಕಂದ್ರ ಟೀವಿಯವರೂ ಅವರಂಥವರೇ, ಯಾರನ್ನೂ ಫೇಲ್ ಮಾಡೋ ಧೈರ್ಯ ಇಲ್ಲ! ಈ ವರ್ಷ...

ನಿನ್ನ ಚಹಾ ಆರಿತು. ಕುಡಿ.

ಎಂಥ ಮನುಷ್ಯ ಅಂತೀ! ಟವೆಲ್ಲು ಮೊದಲೇ ಹೆಗಲ ಮ್ಯಾಲ ಹಾಕ್ಕೊಂಡು ಕುಂದ್ರೋದು, ಅಳಾಕ ತಯಾರಾಗಿ. ಒಂದಿನ ಸೊಸೆ ವಿಷದ ಹಾಲು ಎತ್ತಿದ್ಲು. 'ಯವ್ವಾ, ಕುಡೀಬ್ಯಾಡ!' ಅಂತ ಒದರಿದ್ದಕ್ಕ ಬಾಜೂ ಮನಿ ಜೈತುನ್ಬೀ ಓಡಿ ಬಂದು, 'ಟೀಚರಮ್ಮ, ಕ್ಯಾ ಹುವಾ?' ಅಂತ ಬಾಗಿಲು ಬಡದಳು. ಕೈಯಾಗ ಹಿಟ್ಟು ಹತ್ತಿದ್ದು ಹಂಗೇ ಇತ್ತು, ಪಾಪ. ನನಗ ನಾಚಿಕಿ. ಇವರು ಕುಂತಲ್ಲೇ ಆಕಿಗೂ ಕಥಿ ಹೇಳಿದ್ರು. ಆಕಿನೂ ಅತ್ತಳು. ನೆಲದ ಮ್ಯಾಲೆಲ್ಲ ಹಿಟ್ಟು ಉದುರಿತ್ತು, ಒರಸಿದಾಕಿ ನಾನು.

ಹಾಂ? ಒಂದನೇ ಬಟನ್ನಾ? ಇಷ್ಟು ವರ್ಷದಾಗ ಒಂದು ದಿನಾನೂ ಒತ್ತಿಲ್ಲ ಅಂತೇನು ತಕರಾರು? ನಾ ನೋಡಂಗಿಲ್ಲ, ಅದಕ್ಕ ಒತ್ತಂಗಿಲ್ಲ. ಗಾರ್ಡ್ ಸಾಹೇಬ್ರೂ ಇದನ್ನೇ ಅಂತಿದ್ರು... ಅಂತಾರ. 'ಟೀಚರ್, ಬಾಜೂಕ ಕುಂತೀರಿ, ಕಣ್ಣು ಟೀವಿ ಮ್ಯಾಲ ಅದಾವ, ಒತ್ತಬಾರದೇನು?' 'ನಾ ನೋಡ್ಲಿಕತ್ತಿಲ್ಲ. ಮೆಂತ್ಯೆ ಸೋಸ್ಲಿಕತ್ತೀನಿ.' ಮೆಂತ್ಯೆ ಇಲ್ಲದ ದಿನ ಅವರೆ. ಅವರೆ ಇಲ್ಲದ ದಿನ... ಏನೋ ಒಂದು ಇರ್ತದ ಮನಿ ಅಂದ ಮ್ಯಾಲ. ಒಬ್ಬ ಹೆಡ್‌ಮಿಸ್ಟ್ರೆಸ್ ಏಳರಿಂದ ಹತ್ತರ ತನಕ ಈ ಕಸ ನೋಡ್ತಾಳ ಅಂತ ಎಲ್ಲೋ ಒಂದು ಊರಾಗ ದಾಖಲಾಗ್ಲಿ ಅಂತೀಯಾ? ಆಗಂಗಿಲ್ಲ.

ಹಂಗಾದ್ರ ಈಗ ಏಳರಿಂದ ಹತ್ತರ ತನಕ ದಿನಾ ನೋಡೋರು ಯಾರು ಅಂತೇನು? ಎರಡನೇ ಬಟನ್ ಒತ್ತಿದವರು. ಮತ್ಯಾರು?

ಏನು ಹೇಳ್ಲಿಕತ್ತಿ ನೀನು? ಅವರ ಬಟನ್ ಬ್ಯಾರೆಯವರು ಒತ್ತತಾರ ಅಂತ? ಈ ಮಾತು ನನಗ ಕೇಳ್ತಿ? ಬಾರದ ಹುಡುಗಿಗೆ ಹಾಜರಿ ಹಾಕಿದ ಮಾಸ್ತರನ್ನ ಎಲ್ಲಾರ ಎದುರು ನಿಲ್ಲಿಸಿ ಕೇಳಿದಾಕಿ ನಾನು! ಸುಳ್ಳು ಹಾಜರಿ ಅಂದ್ರ ಏನಂತ ನನಗ ಕಲಿಸ್ತಿ?... ಇಲ್ಲ, ಸಿಟ್ಟಾಗಿಲ್ಲ. ಧ್ವನಿನೇ ಹಿಂಗದ. ಅವರು ಬಂದ ಮ್ಯಾಲ ನೀನೇ ಕೇಳು. ಪೆಟ್ಟಿಗಿ ಒಯ್ಯೋದಾದ್ರ ಒಯ್ಯಿ, ನನಗೇನೂ ನಷ್ಟ ಇಲ್ಲ. ಇದ್ದವರ ನಂಬರು ಮಾತ್ರ ಹೊಡದು ಹಾಕಬ್ಯಾಡ. ಅವರ ಬಟನ್ ಒತ್ತಿದಾಗ ಪೆಟ್ಟಿಗಿ ಮ್ಯಾಲ 'ಎರಡು' ಅಂತ ದೀಪ ಹತ್ತತದಲ್ಲ, ಅದು ಹತ್ತಿದ ಮ್ಯಾಲೇ ಈ ಹಾಲ್‌ನಾಗ ಸಂಜಿ ಆದಂಗ.

ಎಷ್ಟು ಉಳದಾವ? ಹಾಂ, ಅತ್ಯುತ್ತಮ ಭಾವುಕ ದೃಶ್ಯ. ಇದು ಎಲ್ಲಾದಕ್ಕಿಂತ ಹಲಕಟ್. ಹೋದ ತಿಂಗಳು ತೋರಿಸಿದ್ರು. ಆ ಮನಿಯ ಹಿರೀ ಮಗ ಸೋಫಾ ಮ್ಯಾಲ ಕುಂತಲ್ಲೇ ಹೋಗ್ತಾನ. ಹೆಂಡತಿ ಮಾಳಿಗಿ ಮ್ಯಾಲಿಂದ ಓಡಿ ಬರ್ತಾಳ. ಸೆರಗು ಗಾಳಿಗೆ ಹಾರ್ತದ. ಮನಿಯೊಳಗ ಗಾಳಿ ಎಲ್ಲಿಂದ ಬಂತು? ಗಂಡನ ಹೆಸರು ಹಿಡದು ಮೂರು ಸಲ ಕೂಗ್ತಾಳ, ಕಂಬಕ್ಕ ಬಳಿ ಒಡಕೋತಾಳ, ಕಣ್ಣಾಗಿನ ಕಾಡಿಗಿ ಅಳಸಂಗಿಲ್ಲ. ಇದಕ್ಕೇ ಪ್ರಶಸ್ತಿ ಬರ್ತದ ನೋಡು, ಖಾತ್ರಿ.

ಸುಳ್ಳು. ಅಪ್ಪಟ ಸುಳ್ಳು! ಹಂಗ ಯಾರೂ ಓಡಿ ಬರಂಗಿಲ್ಲ. ಓಡಬೇಕು ಅಂತ ಗೊತ್ತೇ ಆಗಂಗಿಲ್ಲ. ನಿದ್ದಿ ಹತ್ತಿರಬೇಕು ಅನ್ನಿಸ್ತದ. ಸಿಟ್ಟು ಬರ್ತದ. 'ಜಾಹೀರಾತು ಮುಗೀತು, ಏಳ್ರಿ, ಆಮ್ಯಾಲ ಏನಾಯ್ತು ಏನಾಯ್ತು ಅಂತ ನನ್ನ ಜೀವ ತಿನ್ನಬ್ಯಾಡ್ರಿ' ಅಂತೀವಿ. ಏಳಂಗಿಲ್ಲ. ಒಲಿ ಮ್ಯಾಲ ಹಾಲು ಇರ್ತದ, ಉಕ್ಕತದ ಅಂತ ಒಳಗ ಹೋಗಿ ಗ್ಯಾಸ್ ಬಂದ್ ಮಾಡಿ ಬರ್ತೀವಿ. ಹಾಲು! ಆ ಹೊತ್ತಿನಾಗ ಹಾಲಿನ ಚಿಂತಿ! ಟವೆಲ್ಲು ಜಾರಿ ಬಿದ್ದಿರ್ತದ, ಎತ್ತಿ ಹೆಗಲ ಮ್ಯಾಲ ಹಾಕಿದ್ರ ಮತ್ತ ಜಾರತದ. ಕೈಯಾಗಿನ ರಿಮೋಟ್ ಬಿಡಿಸಬೇಕಂದ್ರ ಬೆರಳು ಒಂದೊಂದಾಗಿ ಬಿಡಿಸಬೇಕಾಗ್ತದ, ಸಣ್ಣ ಕೂಸಿನ ಮುಷ್ಟಿ ಬಿಡಿಸಿದಂಗ. ಆಗ ತಣ್ಣಗ ಹತ್ತತದ. ಟೀವಿ ತನ್ನ ಪಾಡಿಗೆ ತಾ ಮಾತಾಡ್ತಿರ್ತದ. ಕೂಗಬೇಕು ಅಂತ ಬಾಯಿ ತೆಗೆದ್ರ ಹೆಸರು ಬರಂಗಿಲ್ಲ, ಜನ್ಮದಾಗ ಆ ಹೆಸರು ಹಿಡದು ಕರೆದಿದ್ದಿಲ್ಲ. 'ಗಾರ್ಡ್ ಸಾಹೇಬ್ರ' ಅಂತ ಮೆಲ್ಲಕ...

...

ನಾ ಸಾಮಾನ್ಯವಾಗಿ ಹೇಳಿದೆ. ಲೋಕದಾಗ ಹ್ಯಾಂಗ ಆಗ್ತದ ಅಂತ. ನಟನೆ ಅಂದ ಮ್ಯಾಲ ನೈಜತೆ ಇರಬೇಕು ಅನ್ನೋ ಅರ್ಥದಾಗ.

ಮುಂದಿನ ವಿಭಾಗ. ಅತ್ಯುತ್ತಮ ಶೀರ್ಷಿಕೆ ಗೀತೆ. ಯಾವುದಕ್ಕೂ ಇಲ್ಲ. ಅತ್ಯುತ್ತಮ ಜೋಡಿ. ಅದೂ... ಯಾರಿಗೂ ಇಲ್ಲ.

ನಿನ್ನ ಫೋನ್, ಕಾಗದ ಯಾಕ ಚೀಲದಾಗ ಇಟ್ಟಿ? ಕೆಲಸ ಇನ್ನೂ ಮುಗಿದಿಲ್ಲ ನಿಂದು. ಇಬ್ಬರನ್ನ ನೋಡಬೇಕು, ಒಬ್ಬರನ್ನಷ್ಟೇ ನೋಡಿದಿ. ಅಪೂರ್ಣ ಬಿಟ್ಟು ಏಳೋದು ನನಗ ಸೇರಂಗಿಲ್ಲ... ಏಳ್ತಿಲ್ಲೇನು? ಹಂಗಾದ್ರ ಯಾಕ ಹಂಗ ನೋಡ್ಲಿಕತ್ತಿ? ಬಂದಾಗಿಂದ 'ಯಾವಾಗ ಬರ್ತಾರ್ರಿ, ಯಾವಾಗ ಬರ್ತಾರ್ರಿ' ಅಂತ ತಲಿ ತಿಂದಿ. ಈಗ ಆ ಪ್ರಶ್ನೆ ಕೇಳು. ಉತ್ತರ ಅದ ನನ್ನ ಹತ್ತರ, ಹೇಳ್ತೀನಿ. ಕೇಳು, ಲುಂಬಿನಿ.

ಯಾಕ ಕೇಳವಲ್ಲಿ?