ನಾಲ್ಕು ಎಳೆ ಬಿಟ್ಟ ಸೀರೆ

“ಹಲೋ… ಯಾರು ಮಾತಾಡೂದು?… ಯಾವ ವಿದ್ಯಾ? ಹಾಂ, ನಮ್ಮಣ್ಣನ ಮಗಳು ವಿದ್ಯಾನ? ನಂಬರ್ ಹೊಸಾದೈತಿ, ಅದಕ್ಕ ಕೇಳಿದೆ. ಬಾಗಲಕೋಟ್ಯಾಗ ಎಲ್ಲಾರೂ ಆರಾಮ?…”

ಬಸವೇಶ್ವರಿ ಮಗ್ಗದ ಕುಣಿಯಿಂದ ಕಾಲು ಮೇಲೆತ್ತಿ ಕಟ್ಟೆಯ ಮೇಲೆ ಕುಳಿತಳು. ಇಳಕಲ್ಲಿನಲ್ಲಿ ಮೂವತ್ತು ವರ್ಷದಿಂದ ಸೀರೆ ನೇಯುವ ಅವಳಿಗೆ ರೀಲ್ಸಿನ ಖಾತೆ ತೆರೆದುಕೊಟ್ಟವಳೇ ಈ ವಿದ್ಯಾ. ಅದನ್ನು ನಿನ್ನೆ ಬಸವೇಶ್ವರಿ ಯಾರನ್ನೂ ಕೇಳದೆ ಮುಚ್ಚಿದ್ದಳು. ಹುಡುಗಿ ಆರಾಮ ಕೇಳಲು ಫೋನು ಮಾಡಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಹಾಂ, ಮುಚ್ಚೀನಿ. ನಾನಽ ಮುಚ್ಚೀನಿ… ತಲಿ ನೆಟ್ಟಗಽ ಐತಿ ನಂದು. ನಾಕ್ ಲಕ್ಷ ಮಂದಿ ಇದ್ರ ಏನಾತು? ಬಸ್‌ಸ್ಟ್ಯಾಂಡಿನ್ಯಾಗೂ ಮಂದಿ ಇರ್ತಾರ…”

“ಏನ್ ನೋಡಿದ್ರವಾ ಆ ಮಂದಿ? ಹ್ವಾದ ತಿಂಗಳ ಹಳದಿ ಸೀರಿ ಹಾಕಿದ್ವಿ, ಅಲ್ವಾ? ಎಪ್ಪತ್ತ್ ಸಾವಿರ ಹಾರ್ಟ್ ಒತ್ತಿದ್ರು. ಸೂಪರ್ ಆಂಟಿ ಅಂದ್ರು. ಒಬ್ಬಾಂವ ಬೆಂಕಿ ಚಿತ್ರ ಹಾಕಿ ಹ್ವಾದ. ನೇದ ಸೀರಿಗೆ ಬೆಂಕಿ ಯಾಕ್ ಹಚ್ಚಬೇಕೋ ಆ ಮೂಳಗ!…”

“ಅದಽ ಸೀರಿ ಫೋಟೊ ಮೊನ್ನೆ ನಮ್ಮ ಮಗ್ಗದವರ ವಾಟ್ಸಾಪ್ ಗುಂಪಿನ್ಯಾಗ ಹಾಕಿದೆ. ಎಂಬತ್ತಮೂರು ಮಂದಿ… ನಗು, ನಗು. ಅಲ್ಲಿ ಸೀರಿ ಹಾಕಿದ್ರ ಹಿಂದಿನ ಮಗ್ಗಲಾನೂ ತೋರಸಬೇಕು. ತೋರಿಸಿದೆ. ಚಹಾ ಕುಡ್ಯೂದ್ರಾಗ ಗುಳೇದಗುಡ್ಡದ ಫರಹಾನಾ ಕೇಳಿದ್ಲು, ಅಕ್ಕಾರ, ಎಡದಂಚಿನ ಹತ್ರ ನಾಕ್ ಎಳಿ ಕೊಂಡಿ ಬಿದ್ದಿಲ್ಲಲ್ರಿ, ಅಂತ…”

ಸೀರೆಯ ಮೈಯ ಉದ್ದದ ಎಳೆಗಳಿಗೆ ಸೆರಗಿನ ಉದ್ದದ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಅದು ತಪ್ಪಿದಲ್ಲಿ ಸೆರಗು ಬಾಯಿ ಬಿಡುತ್ತದೆ. ಸೀರೆ ಆಗಲೇ ಮಾರಿ ಹೋಗಿದ್ದರಿಂದ ಬಸವೇಶ್ವರಿ ಫೋಟೊ ಹಿಗ್ಗಿಸಿ ನೋಡಿದ್ದಳು, ಮಾತು ನಿಜವಿತ್ತು. ನಾಚಿಕೆಯಿಂದ ಮುಖ ಎತ್ತಲಾಗದಂತಾಗಿತ್ತು. ಕೊನೆಗೂ ಯಾರೋ ತನ್ನ ನೇಯ್ಗೆಯನ್ನು ನೋಡಿದರಲ್ಲ ಎಂದು ಖುಷಿಯೂ ಆಗಿತ್ತು.

“ಯಾರಿಗೂ ಗೊತ್ತಾಗೂದಿಲ್ಲ ಅಂತೀಯಾ? ಅದಕ್ಕಽ ಬಿಟ್ಟೆ ನಿನ್ನ ನಾಕ್ ಲಕ್ಷಾನ! ಅಷ್ಟ್ ಮಂದ್ಯಾಗ ಒಬ್ಬರರ ಬೈಬಾರದಾಗಿತ್ತಾ ನನಗ?… ನಾಕ್ ಲಕ್ಷ ಆತಂತ ಮಾಡೂ ಸನ್ಮಾನ ಗಿನ್ಮಾನ ಬ್ಯಾಡ. ಆ ಶಾಲು ನೀನಽ ಹೊತಗೋ…”

“ಅದೆಲ್ಲಾ ಬಿಡು. ಆ ಸೀರಿ ಯಾರಿಗೆ ಕಳಿಸಿದಿ?… ಹುನಗುಂದದ ಕಡೆ ಹುಡುಗಿ, ಅದು ಗೊತ್ತೈತಿ. ಶುಕ್ರವಾರ ಕುಬಸ, ಅದನ್ನಽ ಉಡ್ತೇನಿ ಅಂದಿದ್ಲಲ್ಲ? ಚೊಚ್ಚಲ ಬಸರಿ, ವಿದ್ಯಾ! ಮುತ್ತೈದೇರು ಅದಽ ಸೆರಗಿನ್ಯಾಗ ಉಡಿ ತುಂಬ್ತಾರ. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ. ಆ ಭಾರಕ್ಕ ಸೆರಗು ಬಿಚ್ಚಿ, ತುಂಬಿದ ಉಡಿ ನೆಲಕ್ಕ ಬಿದ್ರ? ಆಕಿ ಹಡಿಯೂತನಾ ಅಂಜಿಕೊಂಡಽ ಇರ್ತಾಳ. ಬ್ಯಾರೆ ಸೀರಿ ತೆಗದಿಟ್ಟೇನಿ. ನಾಳೆ ಬಸ್ ಹತ್ತಿ ನಾನಽ ಕೊಟ್ ಬರ್ತೇನಿ. ಅಡ್ರೆಸ್ ಹೇಳು…”

“ಏನಂದಿ?… ಅದರಾಗಽ ಇತ್ತು? ಅಕೌಂಟಿನ್ಯಾಗ?… ಬ್ಯಾರೆ ಎಲ್ಲೂ ಬರಕೊಂಡಿಲ್ಲಾ? ಪಾರ್ಸಲ್ ಚೀಟಿ?… ಒಗದಿ. ಹೆಸರರ?… ಅದೂ ಇಲ್ಲ…”

ಪೀಡೆ ತೊಲಗಿತು ಎಂದು ನಿನ್ನೆ ಬಸವೇಶ್ವರಿ ಎಷ್ಟು ಗತ್ತಿನಿಂದ ಮುಚ್ಚಿದ್ದಳು! ಆ ಪೀಡೆಯ ಜತೆಗೆ ಹುಡುಗಿಯ ಊರು, ಹೆಸರು ಎಲ್ಲ ಹೋಗಿದ್ದವು.

“ತಿರುಗಿ ತೆಗದ್ರ ಆ ಮೆಸೇಜ್ ಸಿಗತಾವೇನು?… ಇಲ್ಲವಾ, ಮುಚ್ಚೂಕಿಂತ ಮೊದಲ ಎಲ್ಲಾ ಅಳಿಸೇನಿ. ಒಂದೊಂದಽ ಕುಂತು ಅಳಿಸೇನಿ… ಹಾಂ. ಅಕೌಂಟ್ ಅಷ್ಟ ತೆರಿತೈತಿ, ಅಲ್ಲಾ?…”

“ಹಂಗಾರ ತೆಗಿ. ಈಗಽ ತೆಗಿ… ಕುಣೀಬ್ಯಾಡ, ನಾ ವಾಪಸ್ ಬರಾಕ್ಹತ್ತಿಲ್ಲ. ಮಗ್ಗದ ಮುಂದ ಕುಂತು ಒಂದ್ ಮಾತು ಹೇಳ್ತೇನಿ. ಈ ಹಳದಿ ಸೀರಿ ನಾ ತಪ್ಪ್ ನೇದೇನಿ, ಹುನಗುಂದದ ತಂಗೀ, ಉಡಬ್ಯಾಡ, ನನಗ ಫೋನ್ ಹಚ್ಚು ಅಂತ. ಉಳಿದ ಮಂದಿಗೂ ಹೇಳ್ತೇನಿ, ಕಣ್ಣಿಲ್ಲದಽ ಶಹಬ್ಬಾಸ್ ಅಂದ್ರಿ ಅಂತ…”

“ಏನು? ಈ ವಿಡಿಯೋ ಭಾಳ ಓಡ್ತೈತಾ? ಸ್ವಲ್ಪ ಅತಗೊಂತ ಹೇಳಬೇಕಾ? ಥೂ, ನಿನ್ನ ಬುದ್ಧಿಗಿಷ್ಟು!…”

ಅತ್ತ ಹುಡುಗಿ ಏನೇನೋ ಲೆಕ್ಕ ಒಪ್ಪಿಸುತ್ತಿದ್ದಳು. ಬಸವೇಶ್ವರಿಗೆ ಅಸಹ್ಯವಾಯಿತು, ಆದರೆ ಬೇರೆ ದಾರಿ ಇರಲಿಲ್ಲ.

“ಓಡಲಿ ಬಿಡು. ಆ ಬಸರಿ ಹೆಂಗಸಿನ ಕಣ್ಣಿಗೆ ಬೀಳೂತನಾ ಓಡಲಿ. ಆಕಿ ಫೋನ್ ಬಂದ ಕೂಡ್ಲೇ ಮುಚ್ಚಬೇಕು. ಮುಚ್ಚತೇನಿ ಅನ್ನು… ಯಾಕ್ ಸುಮ್ಮಾದಿ? ಬಾಯಿ ಬಿಟ್ಟು ಅನ್ನು, ವಿದ್ಯಾ… ಹಲೋ? ಹಲೋ?”

ಲೈನು ಕಡಿದಿತ್ತು.