ಫೈಲ್ ಕೇಳುತ್ತಿದ್ದವರು

ಆಸ್ಪತ್ರೆಯ ಲಿಫ್ಟಿನ ಮುಂದೆ ಅತ್ತೆಯ ಗಾಲಿಕುರ್ಚಿ ಹಿಡಿದು ನಿಂತು ನಿಂತು ಸೊಸೆಯ ಕಾಲು ಸೋತಿತ್ತು. ಅವಳ ಮುಂದೆ ಇಬ್ಬರು, ಕೊರಳಲ್ಲಿ ಕಂಪ್ಯೂಟರ್ ವಿಭಾಗದ ಗುರುತಿನ ಚೀಟಿ. ಅವರಲ್ಲಿ ಹಿರಿಯವನು ದನಿ ತಗ್ಗಿಸಿದ. ಅವಳ ಕಿವಿ ನಿಮಿರಿದ್ದೇ ಅದಕ್ಕೆ.

"ಸರ್ವರ್ ನಿನ್ನೆಯಿಂದ ಒಂದೂ ತಕರಾರು ತೆಗೆದಿಲ್ಲವಲ್ಲ, ಏನ್ ಮಾಡ್ದೆ?"

"ಸರಿ ಮಾಡ್ದೆ ಸಾರ್. ಭದ್ರತಾ ನಿಯಮದ ಫೈಲ್ ಮುಟ್ಟೋಕೆ ಬಿಡಲ್ಲ, ಬಿಡಲ್ಲ ಅಂತ ಒಂದೇ ಸಮ ಬಡ್ಕೋತಿತ್ತು. ತಡೆದಿದ್ದಕ್ಕೆಲ್ಲ ಒಟ್ಟಿಗೇ ಅನುಮತಿ ಕೊಟ್ಬಿಟ್ಟೆ. ಓದೋಕೂ, ತಿದ್ದೋಕೂ."

"ಯಾರನ್ನ ತಡೀತಿತ್ತು ಅಂತ ನೋಡಿದ್ಯಾ?"

"ದಿನಾ ನಕಲು ತೆಗೆದಿಡೋ ನಮ್ಮ ಬ್ಯಾಕಪ್ ಪ್ರೋಗ್ರಾಮೇ ಅಲ್ವಾ ಸಾರ್? ಹೆಸರು ಅದೇ ಇತ್ತು."

"ಬ್ಯಾಕಪ್ ಬೇರೆ ಮೆಷಿನ್ನಿಗೆ ಹೋಗಿ ತಿಂಗಳಾಯ್ತಲ್ಲೋ."



"ಹಾಗಾದ್ರೆ ಆ ಹೆಸರಲ್ಲಿ ಕೇಳ್ತಿದ್ದೋರು ಯಾರು ಸಾರ್?"

"ಯಾರೋ. ಯಾರನ್ನ ಒಳಗೆ ಬಿಡ್ಬೇಕು, ಯಾರನ್ನ ಬಿಡ್ಬಾರ್ದು ಅನ್ನೋದೆಲ್ಲ ಆ ಫೈಲಲ್ಲೇ ಇರೋದು. ಇನ್ನು ಅವರು ಬರೆದಿದ್ದೇ ನಿಯಮ."

"ಅನುಮತಿ ವಾಪಸ್ ತಗೊಂಡ್ಬಿಡೋಣ ಸಾರ್, ಈಗ್ಲೇ."

"ಈಗ ತಾನೇ ನೋಡಿ ಬಂದೆ. ಸರ್ವರ್ರು ಈಗ ನನ್ನನ್ನೇ ತಡೀತಿದೆ."

ಲಿಫ್ಟ್ ಬಂದು ನಿಂತಿತು. ಬಾಗಿಲು ತೆರೆಯಿತು. ಒಳಗೆ ಕಾಲಿಡಹೋದ ಕಿರಿಯನ ರಟ್ಟೆ ಹಿಡಿದು ಹಿರಿಯ ಹಿಂದಕ್ಕೆಳೆದ.

"ಮೆಟ್ಟಿಲಲ್ಲಿ ಬಾ. ಇದನ್ನೂ ಆ ಸರ್ವರ್ರೇ ಓಡಿಸೋದು."

ಇಬ್ಬರೂ ಮೆಟ್ಟಿಲತ್ತ ಓಡಿದರು. ಖಾಲಿ ಲಿಫ್ಟು ಬಾಯಿ ತೆರೆದುಕೊಂಡೇ ನಿಂತಿತ್ತು.

"ಏನೇ ಹಾಗೆ ನೋಡ್ತಾ ನಿಂತೆ?" ಎಂದರು ಅತ್ತೆ. "ನೂಕು ಒಳಗೆ."