ಸುಣ್ಣದ ಬೊಟ್ಟಿಟ್ಟ ಹುತ್ತಗಳು

ನಾನು ಪಕ್ಕೀರಮ್ಮ, ಕೋಂ ದಿವಂಗತ ಜೋಗಪ್ಪ, ವಯಸ್ಸು ಅರವತ್ತೆರಡು, ಕೂಲಿ ಕೆಲಸ, ವಾಸ ಬಂಡೆಗುಡಿಹಟ್ಟಿ, ಕೂಡ್ಲಿಗಿ ತಾಲ್ಲೂಕು. ಈ ದಿನ ಖುದ್ದಾಗಿ ಠಾಣೆಗೆ ಬಂದು ಬರೆಸುತ್ತಿರುವ ಸಂಗತಿ ಏನೆಂದರೆ:

ನಮ್ಮೂರ ಹಿಂದಿನ ಗುಡ್ಡದಲ್ಲಿ ಮಳೆಗಾಲಕ್ಕೆ ಹುತ್ತದ ಅಣಬೆ ಏಳುತ್ತದೆ. ಗೆದ್ದಲು ಇರುವ ಹುತ್ತ ಬಿಟ್ಟರೆ ಅದು ಬೇರೆಲ್ಲೂ ಬರುವುದಿಲ್ಲ. ನಾವು ಹೆಂಗಸರು ಕೈಯಿಂದಲೇ ಕಿತ್ತು, ಅರಳಿದ್ದನ್ನು ಅಲ್ಲೇ ಬಿಟ್ಟು ಬರುತ್ತೇವೆ. ಒಂದು ವರ್ಷ ಕಿತ್ತ ಹುತ್ತವನ್ನು ಮರುವರ್ಷ ಮುಟ್ಟುವುದಿಲ್ಲ. ಯಾರೂ ಮರೆತು ಕೈಹಾಕಬಾರದೆಂದು ಪಕ್ಕದ ಕಲ್ಲಿಗೆ ಸುಣ್ಣದ ಬೊಟ್ಟು ಇಡುತ್ತೇವೆ. ಈಚೆಗೆ ಅಣಬೆ ಕಡಿಮೆಯಾಗಿದ್ದರಿಂದ ಈ ವರ್ಷ ಒಂದು ಬಿಟ್ಟು ಉಳಿದೆಲ್ಲ ಹುತ್ತಗಳಿಗೂ ಬೊಟ್ಟು ಇಟ್ಟಿದ್ದೆವು. ಆ ಒಂದರಲ್ಲಿ ಎದ್ದದ್ದನ್ನೇ ಓಣಿಯವರೆಲ್ಲ ಹಿಡಿಹಿಡಿ ಹಂಚಿಕೊಳ್ಳುವುದೆಂದು ಮಾತಾಗಿತ್ತು.

ಕಳೆದ ಸೋಮವಾರ ಬೆಳಿಗ್ಗೆ, ಆರಿದ್ರ ಮಳೆ ಬಿಡುವು ಕೊಟ್ಟಾಗ, ನಾನೂ ನೆರೆಮನೆಯ ಮರುಳಸಿದ್ದಮ್ಮನೂ ಗುಡ್ಡಕ್ಕೆ ಹೋದೆವು. ಮೊದಲನೆಯ ಹುತ್ತ ಇರಲಿಲ್ಲ. ಅಲ್ಲಿ ಮೊಣಕಾಲುದ್ದದ ಗುಂಡಿ ಇತ್ತು. ಒಳಗಿನ ಗೂಡು ಚೂರುಚೂರಾಗಿ ಹೊರಗೆ ಬಿದ್ದು, ಬಿಳಿ ಗೆದ್ದಲು ಬಿಸಿಲಿನಲ್ಲಿ ದಿಕ್ಕುಗೆಟ್ಟು ಹರಿದಾಡುತ್ತಿದ್ದವು. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಬೊಟ್ಟು ಇಟ್ಟ ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು. ಮರುಳಸಿದ್ದಮ್ಮ ನನ್ನ ಸೆರಗು ಹಿಡಿದು, “ಅಕ್ಕಾ, ನಮ್ಮ ಸುಣ್ಣಾನ ಅಗದೋರಿಗೆ ದಾರಿ ತೋರ್ಸೈತಿ,” ಅಂದಳು.

ಆಗ ಬಂಡೆಯ ಹಿಂದಿನಿಂದ ನಮ್ಮೂರ ಯರ್ರೆಪ್ಪ, ವಯಸ್ಸು ಸುಮಾರು ಮೂವತ್ತು, ಹಾರೆ ಹಿಡಿದು ಬಂದನು. ಅವನು ಪೇಟೆಯ ಸಾಹುಕಾರನೊಬ್ಬನಿಗೆ ಅಣಬೆ ಕೊಡುತ್ತಾನೆ. ಬುಡ ಸಮೇತ ಸಿಗಲೆಂದು ಹುತ್ತವನ್ನೇ ಅಗೆಯುತ್ತಾನೆ. ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಣಬೆ ಸಾರು ಉಂಡವನು. “ಚಿಗವ್ವ, ಬೊಟ್ಟು ಇಟ್ಟಿದ್ದು ಚೊಲೋ ಮಾಡೀರಿ, ನಾ ಹುಡುಕೋದು ತಪ್ತು,” ಎಂದು ನಕ್ಕನು. ನಗು ನಿಲ್ಲಿಸಿ, “ಇನ್ನೊಂದು ಐತಂತಲ್ಲ, ಎಲ್ಲೈತಿ?” ಎಂದನು. ನಾನು, “ಲೇ ಯರ್ರ್ಯಾ, ಹಿಂಗ ಅಗದ್ರ ಮುಂದ ಹುಟ್ಟಂಗಿಲ್ಲೋ. ನಿನ್ನ ಮಕ್ಕಳು ಇದರ ರುಚಿ ನೋಡಬ್ಯಾಡೇನು?” ಎಂದೆನು. ಅದಕ್ಕೆ ಅವನು, “ನೀ ಹೇಳಬ್ಯಾಡ ಬಿಡು. ಅಲ್ಲಿಗೆ ಒಂದಿನ ನೀನ ಹೋಗ್ತಿ. ನಿನ್ನ ಹಿಂದ ನಾ ಬರ್ತೀನಿ,” ಎಂದು ಹೇಳಿ, ಹಾರೆಯನ್ನು ನನ್ನ ಕಾಲ್ಬೆರಳ ಪಕ್ಕದಲ್ಲೇ ನೆಲಕ್ಕೆ ಊರಿದನು.

ಅಂದಿನಿಂದ ಅವನು ನನ್ನ ಮನೆ ಎದುರಿನ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ನೀರಿಗೆ ಹೋದರೂ, ಚರಿಗೆ ಹಿಡಿದು ಬಯಲಿಗೆ ಹೋದರೂ ಹಿಂದೆ ಹೆಜ್ಜೆಯ ಸಪ್ಪಳ ಬರುತ್ತದೆ. ಮೈ ಮುಟ್ಟಿಲ್ಲ, ಬೈದೂ ಇಲ್ಲ. ಆದರೂ ಈಗ ಒಂದೇ ಕೊಡ ನೀರಿನಲ್ಲಿ ದಿನ ದೂಡುತ್ತಿದ್ದೇನೆ. ಮರುಳಸಿದ್ದಮ್ಮ ಬಾಗಿಲು ತೆಗೆಯುತ್ತಿಲ್ಲ. ಒಳಗಿನಿಂದಲೇ, “ಅಕ್ಕಾ, ಠಾಣ್ಯಾಗ ನನ್ನ ಹೆಸರು ಹೇಳಬ್ಯಾಡವ್ವ,” ಎಂದಳು. ಹೇಳಬೇಕಾಯಿತು, ಆಕೆ ಹೊಟ್ಟೆಗೆ ಹಾಕಿಕೊಳ್ಳಲಿ.

ಉಳಿದ ಹುತ್ತದಲ್ಲಿ ಅಣಬೆ ಈಗ ಅರಳಿರಬಹುದು. ನಾನು ನೋಡಲು ಹೋಗಿಲ್ಲ. ನಾನು ಹೋಗದೇ ಇರುವುದೇ ಅದಕ್ಕೆ ಕಾವಲು.

ಆ ಜಾಗ ಎಲ್ಲಿದೆ, ಪಂಚನಾಮೆಗೆ ಬೇಕು ಎಂದು ಇದನ್ನು ಬರೆದುಕೊಳ್ಳುತ್ತಿರುವ ದಫೇದಾರರು ಕೇಳಿದ್ದಾರೆ. ಅವರು ಒಳ್ಳೆಯವರು, ಕುಡಿಯಲು ನೀರು ಕೊಟ್ಟರು. ಆದರೆ ಯರ್ರೆಪ್ಪ ನಾನು ಹತ್ತಿದ ಬಸ್ಸನ್ನೇ ಹತ್ತಿ ಬಂದು, ಈಗ ಠಾಣೆಯ ಎದುರಿನ ಚಾದಂಗಡಿಯಲ್ಲಿ ಕುಳಿತಿದ್ದಾನೆ. ಕಿಟಕಿಯಿಂದ ಕಾಣುತ್ತಾನೆ. ಕಾಯಲೆಂದು ಗುರುತು ಮಾಡಿ ಒಮ್ಮೆ ಕಳೆದುಕೊಂಡಿದ್ದೇವೆ. ಕಾಗದದ ಮೇಲೆ ಇನ್ನೊಂದು ಗುರುತು ಇಡಲಾರೆ.

ಕಾರಣ, ಅವನು ನನ್ನ ಬೆನ್ನು ಹತ್ತದಂತೆ ಮಾಡಬೇಕೆಂದೂ, ಈ ಸಂಜೆ ನಾನು ಮನೆ ಮುಟ್ಟುವ ತನಕ ಯಾರನ್ನಾದರೂ ಜೊತೆಗೆ ಕಳಿಸಬೇಕೆಂದೂ ಬೇಡುತ್ತೇನೆ.

ಬರೆದದ್ದನ್ನು ನಾನೇ ಅಕ್ಷರ ಕೂಡಿಸಿ ಓದಿ ನೋಡಿದ್ದೇನೆ. ಇದರಲ್ಲಿರುವುದೆಲ್ಲ ನಡೆದದ್ದೇ. ಹುತ್ತದ ಜಾಗಕ್ಕೆಂದು ದಫೇದಾರರು ಬಿಟ್ಟ ಸಾಲು ಖಾಲಿ ಇದೆ. ಮುಂದೆ ಯಾರೂ ಅದನ್ನು ತುಂಬಬಾರದೆಂದು ನಾನೇ ಅಡ್ಡಗೀಟು ಎಳೆದು, ಕೆಳಗೆ ಸಹಿ ಮಾಡಿದ್ದೇನೆ.

ಸ್ಥಳ: ಕೂಡ್ಲಿಗಿ
ದಿನಾಂಕ: 2-7-2004
(ಸಹಿ) ಪಕ್ಕೀರಮ್ಮ